ಇಡದೇ ಹೋದ ಎಡೆ

ಬೆಳಗ್ಗೆ ಎದ್ದು ನಲ್ಲಿ ತಿರುಗಿಸಿ ನೀರಿನ ಸಂಪು ತುಂಬಲು ಬಿಟ್ಟೆ, ಹಾಲು ಕಾಸಿದೆ. ಅತ್ತೆಯನ್ನು ಮಗ್ಗುಲು ಹೊರಳಿಸಿ ಬೆನ್ನು ಒರೆಸಿ ಪೌಡರ್ ಹಾಕಿದೆ, ಕೆಳಗೆ ಹಾಸಿದ್ದ ಹಳೇ ಸೀರೆ ತೆಗೆದು ಬೇರೆ ಹಾಸಿದೆ. ರಾಗಿ ಗಂಜಿ ಕಾಯಿಸಿ ಬಟ್ಟೆಯಲ್ಲಿ ಸೋಸಿದೆ. ಅರ್ಧ ಲೋಟ ಕುಡಿದರು, ಉಳಿದದ್ದು ಹಾಗೇ ಆರಿಹೋಯಿತು. ಮೋಡ ಇತ್ತು, ಆದರೂ ಒಗೆದು ಹರವಿದೆ. ಉಪ್ಪಾರಹಳ್ಳಿಯ ಮೆಡಿಕಲ್ ಶಾಪಿಗೆ ಹೋಗಿ ನೋವಿನ ಮಾತ್ರೆ ತಂದೆ. ಬರುವಾಗ ದಂಟಿನ ಸೊಪ್ಪು ತಂದು ಬಿಡಿಸಿಟ್ಟೆ. ಮಧ್ಯಾಹ್ನ ನಡುಮನೆಯ ಟೀಪಾಯಿ ಒರೆಸಿ, ಅತ್ತೆಯ ಮಂಚದ ಪಕ್ಕಕ್ಕೆ ತಂದು, ಅದರ ಮೇಲೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಹಾಸಿದೆ. ಸಂಜೆ ನಮ್ಮ ಚರ್ಚಿನ ಸಭೆಯ ಅಯ್ಯನವರು, ಎಂದರೆ ಪಾದ್ರಿಗಳು, ಕರ್ತನ ಭೋಜನದ ಬ್ರೆಡ್ಡು, ದ್ರಾಕ್ಷಾರಸ ಕೊಡುವುದಕ್ಕೆ ಬರುವವರಿದ್ದರು. ಹಾಸುವಾಗ ಅತ್ತೆ ನೋಡುತ್ತಲೇ ಇದ್ದರು.

ಹೋದ ಸಲ ಅಯ್ಯನವರು ಇದೇ ಕೆಲಸಕ್ಕೆ ಬಂದಾಗ ಅತ್ತೆ ಗೋಡೆಯ ಕಡೆಗೆ ತಿರುಗಿ ಮಲಗಿಬಿಟ್ಟಿದ್ದರು. ಅವರು ತಂದಿದ್ದ ಬ್ರೆಡ್ಡು, ದ್ರಾಕ್ಷಾರಸ ಎರಡನ್ನೂ ವಾಪಸ್ ತೆಗೆದುಕೊಂಡು ಹೋಗಿದ್ದರು. ಡಾಕ್ಟರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂದ ಮೇಲೆ ನಮಗೆ ಉಳಿದಿದ್ದ ಭಯ ಅದೊಂದೇ. ಈಕೆ ಸಮಾಧಾನವಿಲ್ಲದೆ, ಆ ತುಂಡು ಬಾಯಿಗೆ ಹಾಕಿಕೊಳ್ಳದೆ ಹೊರಟುಬಿಟ್ಟರೆ ಏನು ಗತಿ?

ಅತ್ತೆ ಹುಟ್ಟಿದ್ದು ಕುಣಿಗಲ್ ಕಡೆ, ಕೊತ್ತಗೆರೆಯ ಹತ್ತಿರ, ರಾಗಿ ಹೊಲ ತೆಂಗು ಇದ್ದ ಮನೆಯಲ್ಲಿ. ಸಣ್ಣ ವಯಸ್ಸಿನಲ್ಲಿ ತುಮಕೂರಿಗೆ ಬಂದು ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದರು. ಅಲ್ಲೇ ಕಾಂಪೌಂಡರ್ ಆಗಿದ್ದ ನಮ್ಮ ಮಾವನವರನ್ನು ಮದುವೆಯಾದರು, ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತರಾದರು. ತವರಿನವರು ಬಾಗಿಲು ಮುಚ್ಚಿದರು. ಅವರ ತಾಯಿ ಮಾತ್ರ ಸಂತೆಗೆ ಅಂತ ಹೇಳಿ ಕುಣಿಗಲ್ ಬಸ್ ಸ್ಟ್ಯಾಂಡಿಗೆ ಬಂದು, ಮಗಳ ಕೂಸನ್ನು ಎತ್ತಿಕೊಂಡು, ಸೆರಗಿನಲ್ಲಿ ಕಟ್ಟಿ ತಂದಿದ್ದ ರಾಗಿ ರೊಟ್ಟಿ ಹುಚ್ಚೆಳ್ಳು ಚಟ್ನಿಯನ್ನು ಮಗಳ ಜೊತೆ ತಿಂದು ಹೋಗುತ್ತಿದ್ದರಂತೆ. ಆ ತಾಯಿ ತೀರಿಕೊಂಡಾಗ ಇವರಿಗೆ ಹೇಳಿ ಕಳಿಸಿದವರಿಲ್ಲ. ಹೇಗೋ ಗೊತ್ತಾಗಿ ಹೋಗುವಷ್ಟರಲ್ಲಿ ಹೊಲದಲ್ಲಿ ಮಣ್ಣು ಮಾಡಿ, ಮೂರನೇ ದಿನದ ಹಾಲುತುಪ್ಪವೂ ಮುಗಿದಿತ್ತು. ಅಣ್ಣ ಹೊಲದ ಬದುವಿನ ಮೇಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದನಂತೆ.

ನಾನು ಈ ಮನೆಗೆ ಸೊಸೆಯಾಗಿ ಬಂದ ಮೊದಲ ವರ್ಷವೇ ಒಂದು ವಿಷಯ ಕಣ್ಣಿಗೆ ಬಿತ್ತು. ಪಿತೃಪಕ್ಷದ ಅಮಾವಾಸ್ಯೆಯ ದಿನ ಸುತ್ತಮುತ್ತಲ ಮನೆಗಳಲ್ಲೆಲ್ಲ ತೀರಿಹೋದವರ ಹೆಸರಲ್ಲಿ ಅವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡುತ್ತಾರೆ. ನಮ್ಮ ಮನೆಯಲ್ಲಿ ಅದಿಲ್ಲ. ಆದರೆ ಪ್ರತಿ ವರ್ಷ ಆವತ್ತು ಅತ್ತೆ ನನ್ನನ್ನು ಏನಾದರೊಂದು ನೆಪ ಹೇಳಿ ಅಂಗಡಿಗೆ ಕಳಿಸುತ್ತಿದ್ದರು. ನಾನು ಬರುವಷ್ಟರಲ್ಲಿ ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಒಂದು ತಟ್ಟೆ, ಒಂದು ಲೋಟ ನೀರು ಇರುತ್ತಿತ್ತು. ತಟ್ಟೆಯಲ್ಲಿ ಒಂದು ರಾಗಿ ರೊಟ್ಟಿ, ಅಂಚಿನಲ್ಲಿ ಹುಚ್ಚೆಳ್ಳು ಚಟ್ನಿ. ದೀಪ ಇಲ್ಲ, ಕುಂಕುಮ ಇಲ್ಲ, ಕೈ ಮುಗಿಯುವುದೂ ಇಲ್ಲ. ಸ್ವಲ್ಪ ಹೊತ್ತು ಕಾಗೆ ಓಡಿಸುತ್ತಾ ಪಕ್ಕದಲ್ಲಿ ಕೂತಿದ್ದು, ಆಮೇಲೆ ಆ ರೊಟ್ಟಿಯನ್ನು ಯಾರಿಗೂ ಕೊಡದೆ ತಾವೇ ತಿನ್ನುತ್ತಿದ್ದರು.

ಅದರ ಮುಂದಿನ ತಿಂಗಳ ಮೊದಲ ಭಾನುವಾರ ಸಭೆಯಲ್ಲಿ ಎಲ್ಲರೂ ಎದ್ದು ಕರ್ತನ ಭೋಜನಕ್ಕೆ ಮುಂದೆ ಹೋದರೆ ಅತ್ತೆ ಬೆಂಚಿನಲ್ಲೇ ಕೂತಿರುತ್ತಿದ್ದರು. ಮಂಡಿ ನೋವು ಅಂತ ಜನ ಅಂದುಕೊಳ್ಳುತ್ತಿದ್ದರು. ಅದರ ಮರುತಿಂಗಳು ಎಲ್ಲರಿಗಿಂತ ಮುಂಚೆ ಹೋಗಿ ಮಂಡಿಯೂರುತ್ತಿದ್ದರು. ತಮಗೆ ತಾವೇ ಕೊಟ್ಟುಕೊಂಡ ಶಿಕ್ಷೆ ಅದು. ಒಂದು ತಿಂಗಳು ಹೊರಗೆ ನಿಲ್ಲುವುದು, ಆಮೇಲೆ ಒಳಗೆ ಬರುವುದು. ಹಾಗೆ ವರ್ಷಗಳು ನಡೆದವು.

ಈ ವರ್ಷ ಆ ಅಮಾವಾಸ್ಯೆ ಬಂದಾಗ ಅತ್ತೆ ಹಾಸಿಗೆ ಹಿಡಿದಿದ್ದರು. ಬೆಳಗ್ಗೆ ನನ್ನ ಕೈ ಹಿಡಿದುಕೊಂಡು, ಈ ಸಲ ನೀನೇ ಒಂದು ರೊಟ್ಟಿ ತಟ್ಟಿ ಹಿತ್ತಿಲಲ್ಲಿ ಇಟ್ಟುಬಿಡು ಅಂದರು. ಗುಬ್ಬಿಯಲ್ಲಿರುವ ನಾದಿನಿ, ಎಂದರೆ ಅತ್ತೆಯ ಒಬ್ಬಳೇ ಮಗಳು, ತಾಯಿಯನ್ನು ನೋಡಿಕೊಳ್ಳಲು ಬಂದಿದ್ದವಳು ಬಾಗಿಲಲ್ಲೇ ನಿಂತಿದ್ದಳು. ಅವಳಿಗೆ ಈ ವಿಷಯ ತಿಳಿದದ್ದು ಆವತ್ತೇ ಮೊದಲು. ಗುಬ್ಬಿಯಲ್ಲಿ ಅವಳು ಹೋಗುವ ಪ್ರಾರ್ಥನಾ ಮಂದಿರದಲ್ಲಿ ಕಟ್ಟುನಿಟ್ಟು ಜಾಸ್ತಿ. ಕ್ರಿಸ್ತನನ್ನು ಒಪ್ಪದೆ ಸತ್ತವರಿಗೆ ದಾರಿಯಿಲ್ಲ, ಅವರಿಗೆ ಎಡೆ ಇಡುವುದು ವಿಗ್ರಹ ಪೂಜೆಯಷ್ಟೇ ಪಾಪ ಅಂತ ಅಲ್ಲಿ ಕಲಿಸುತ್ತಾರೆ. ಅವಳು ಕೂಗಾಡಲಿಲ್ಲ. ಅಡುಗೆಮನೆಗೆ ಬಂದು, ನಾನು ಡಬ್ಬದಿಂದ ತೆಗೆದಿದ್ದ ರಾಗಿ ಹಿಟ್ಟನ್ನು ವಾಪಸ್ ಡಬ್ಬಕ್ಕೆ ಸುರಿದು ಮುಚ್ಚಳ ಹಾಕಿದಳು. ಆವತ್ತು ರೊಟ್ಟಿ ಆಗಲಿಲ್ಲ.

ಅಲ್ಲಿಂದ ಶುರುವಾಯಿತು. ನಾದಿನಿ ದಿನಾ ತಾಯಿಯ ಪಕ್ಕ ಕೂತು, ಇಷ್ಟು ವರ್ಷ ಮಾಡಿದ್ದು ತಪ್ಪು ಅಂತ ಒಂದು ಮಾತು ಹೇಳಿಬಿಡು, ಯೇಸುಸ್ವಾಮಿ ಕ್ಷಮಿಸುತ್ತಾರೆ ಅನ್ನುವಳು. ಅತ್ತೆ ಮಾತು ತಪ್ಪಿಸುವರು. ಒಂದು ದಿನ ನಾದಿನಿ ದನಿಯೆತ್ತಿ ಪ್ರಾರ್ಥನೆ ಮಾಡಿದಾಗ, ನಿಮ್ಮ ಮಂದಿರದಲ್ಲಿ ಮೈಕ್ ಹಾಕಿ ಕೂಗುತ್ತೀರಲ್ಲ, ದೇವರಿಗೆ ಕಿವಿ ಮಂದವೇನೇ ಅಂದರು. ನಾನು ನಕ್ಕುಬಿಟ್ಟೆ. ನಾದಿನಿ ನಗಲಿಲ್ಲ. ಎದ್ದು ಹೋಗಿ ಹಿತ್ತಿಲಲ್ಲಿ ಆ ಒಗೆಯುವ ಕಲ್ಲಿನ ಮೇಲೇ ಕೂತಳು. ಹಿಂದೆಯೇ ಹೋದೆ, ಅಳುತ್ತಿದ್ದಳು. ಅವಳದು ಹಟ ಅಂದುಕೊಂಡಿದ್ದೆ. ಅದು ಹೆದರಿಕೆ ಅಂತ ಆವತ್ತು ತಿಳಿಯಿತು.

ಹೋದ ಸಲ ಅಯ್ಯನವರು ಬಂದು ಹೋದ ರಾತ್ರಿ ಊಟಕ್ಕೆ ಮುಂಚೆ ನಾನು ಅತ್ತೆಯನ್ನು ಕೇಳಿದೆ, ಯಾಕೆ ಬೇಡ ಅಂದಿರಿ ಅಂತ.

“ಮಾಡಿದ್ದು ತಪ್ಪು ಅಂತ ಅನ್ನುಸ್ತಾನೇ ಇಲ್ಲ ಕಣವ್ವ. ಅನ್ನುಸ್ದೇ ಹೆಂಗೆ ಕ್ಷಮಿಸು ಅನ್ಲಿ? ಸುಳ್ಳು ಹೇಳಿ ಬಾಯಿಗೆ ಹಾಕ್ಕಂಡ್ರೆ ಅದೊಂದು ಪಾಪ. ಮೊದ್ಲಾದ್ರೆ ಒಂದು ತಿಂಗ್ಳು ಬುಟ್ಟು ಹೋಯ್ತಿದ್ದೆ. ಈಗ ಬರೋ ತಿಂಗ್ಳು ಎಲ್ಲೈತೆ?”

ಆಮೇಲೆ, “ಈ ವರ್ಷ ನಮ್ಮವ್ವ ಹಸ್ಕಂಡೇ ಹೋದ್ಲು,” ಅಂದರು.

ನಾನು ಹುಟ್ಟು ಕ್ರೈಸ್ತಳು. ಪಾಪ, ರಕ್ಷಣೆ, ನಿತ್ಯಜೀವ ಈ ಮಾತುಗಳನ್ನು ಉಪ್ಪು ಹುಳಿ ಖಾರದ ಹಾಗೆ ಸಣ್ಣವಳಿದ್ದಾಗಿನಿಂದ ಕೇಳಿಕೊಂಡು ಬಂದವಳು. ರಕ್ಷಣೆ ನಾವು ದುಡಿದ ಕೂಲಿಯಲ್ಲ, ಪುಕ್ಕಟೆ ಸಿಕ್ಕ ಕೃಪೆ, ಮನಸ್ಸು ತಿರುಗಿಸಿ ಕೈ ಒಡ್ಡಿದರೆ ಸಾಕು ಅಂತ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ನಾನೇ ಹೇಳಿಕೊಟ್ಟಿದ್ದೇನೆ. ನಮ್ಮಪ್ಪ, ನಮ್ಮಜ್ಜಿ, ಎಲ್ಲರೂ ನಮ್ಮ ಸ್ಮಶಾನದಲ್ಲೇ ಶಿಲುಬೆಯ ಕೆಳಗೆ ಮಲಗಿದ್ದಾರೆ. ನರಕ ಅಂದರೆ ನನ್ನ ಮಟ್ಟಿಗೆ ಯಾರೂ ಇಲ್ಲದ ಒಂದು ಊರು. ಅತ್ತೆಗೆ ಹಾಗಲ್ಲ. ಆ ಮಾತು ಬಂದಾಗಲೆಲ್ಲ ಅವರಿಗೆ ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಕೂಸನ್ನು ತೊಡೆ ಮೇಲೆ ಹಾಕಿಕೊಂಡು ಕೂತ ಒಬ್ಬ ಹೆಂಗಸಿನ ಮುಖ ಕಾಣುತ್ತಿತ್ತೇನೋ. ಇಷ್ಟು ವರ್ಷ ಒಂದೇ ಬೆಂಚಿನಲ್ಲಿ ಪಕ್ಕಪಕ್ಕ ಕೂತು ಅಯ್ಯನವರ ಒಂದೇ ಉಪದೇಶ ಕೇಳಿದೆವು. ನಾನು ಕೇಳಿ ಮನೆಗೆ ಬಂದು ಅನ್ನಕ್ಕಿಡುತ್ತಿದ್ದೆ. ಅವರು ಅದನ್ನೆಲ್ಲ ಎಲ್ಲಿಟ್ಟುಕೊಂಡರು ಅಂತ ನಾನು ಯೋಚನೆ ಮಾಡಿದವಳಲ್ಲ.

ಇವತ್ತು ಸಂಜೆ ಅಯ್ಯನವರು ಬಂದರು. ಹೆಲ್ಮೆಟ್ ತೆಗೆದು ಜಗಲಿಯಲ್ಲಿಟ್ಟು, ಕಾಲು ತೊಳೆದುಕೊಂಡು ಒಳಗೆ ಬಂದು, ಮಂಚದ ಪಕ್ಕ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತರು. ನಮ್ಮನೆಯವರು ಆಗತಾನೇ ಕೆಲಸದಿಂದ ಬಂದು ಬಾಗಿಲ ಹತ್ತಿರ ನಿಂತಿದ್ದರು. ನಾದಿನಿ ತಾಯಿಯ ಕಾಲಿನ ಕಡೆ ಕೂತಿದ್ದಳು. ಅಯ್ಯನವರು ಚೀಲದಿಂದ ಏನನ್ನೂ ಹೊರಗೆ ತೆಗೆಯಲಿಲ್ಲ. ಅಜ್ಜಿ, ಏನಾದರೂ ಕೇಳೋದಿದ್ದರೆ ಕೇಳಿ ಅಂದರು.

ಅತ್ತೆ ನಿಧಾನವಾಗಿ, ಮಧ್ಯೆ ಮಧ್ಯೆ ಉಸಿರು ತೆಗೆದುಕೊಂಡು, ಎಲ್ಲ ಹೇಳಿದರು. ಕಲ್ಲಿನ ಮೇಲಿನ ತಟ್ಟೆಯ ವಿಷಯ ಹೇಳಿದರು. ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಒಂದು ಸಲ ತಾಯಿಗೆ ಯೇಸುವಿನ ವಿಷಯ ಹೇಳಿದ್ದನ್ನೂ ಹೇಳಿದರು. ಅದು ನಾನು ಕೇಳಿರದ ಸಂಗತಿ. ತಾಯಿ ರೊಟ್ಟಿ ಮುರಿಯುತ್ತಾ ಎಲ್ಲ ಕೇಳಿಸಿಕೊಂಡು, ಆ ಸ್ವಾಮಿ ನಿನ್ನ ಚೆನ್ನಾಗಿ ನೋಡ್ಕಂತಾನಾ, ಅಷ್ಟು ಸಾಕು ಬುಡು, ಅವನಿಗೆ ನನ್ನ ಶರಣು ಹೇಳು ಅಂದಿದ್ದರಂತೆ.

“ಅದು ನಂಬ್ಕೆನಾ, ಅಲ್ವಾ? ನಮ್ಮವ್ವ ಅಲ್ಲಿಲ್ಲ ಅಂದ್ರೆ ನನಗೆ ಆ ನಿತ್ಯಜೀವ ಯಾತಕ್ಕೆ ಅಯ್ಯನೋರೆ?”

ನಾದಿನಿ ಅಯ್ಯನವರ ಮುಖವನ್ನೇ ನೋಡುತ್ತಿದ್ದಳು. ಅವರು ಏನಾದರೊಂದು ಸಮಾಧಾನದ ಮಾತು ಹೇಳುತ್ತಾರೆ ಅಂತ ನಾನು ಕಾದೆ. ಅವರು ಕುರ್ಚಿಯನ್ನು ಮಂಚಕ್ಕೆ ಇನ್ನೂ ಹತ್ತಿರ ಎಳೆದುಕೊಂಡರು.

“ನನಗೆ ಗೊತ್ತಿಲ್ಲ ಅಜ್ಜಿ. ಗೊತ್ತಿದೆ ಅಂದ್ರೆ ಸುಳ್ಳಾಗುತ್ತೆ. ಅದನ್ನ ಅಳೆಯೋ ಕೆಲಸ ನನಗೆ ಕೊಟ್ಟಿಲ್ಲ. ಅಳೆಯೋನು ನಮಗೋಸ್ಕರ ಸತ್ತೋನೇ. ಅಷ್ಟು ಮಾತ್ರ ಗೊತ್ತು.”

ಆಮೇಲೆ, ನಿಮಗೆ ಅನ್ನಿಸದ್ದನ್ನು ಹೇಳಬೇಡಿ, ಅನ್ನಿಸಿದ್ದನ್ನೇ ಅವನಿಗೆ ಹೇಳಿ ಅಂದರು. ಅತ್ತೆ ಕಣ್ಣು ಮುಚ್ಚಿದರು.

“ಯೇಸಪ್ಪ, ನಮ್ಮವ್ವಂಗೆ ಎಡೆ ಇಟ್ಟೆ. ನೀನು ತಪ್ಪು ಅಂದ್ರೆ ತಪ್ಪು. ನನಗೆ ಅನ್ನುಸ್ತಿಲ್ಲ. ಅನ್ನುಸ್ದೇ ಇರೋದನ್ನೂ ನೀನೇ ಕ್ಷಮಿಸ್ಬುಡು.”

ಅಯ್ಯನವರು ಆಗ ಚೀಲ ಬಿಚ್ಚಿದರು. ಬಿಳಿ ಬಟ್ಟೆಯ ಮೇಲೆ ಸಣ್ಣ ತಟ್ಟೆ, ಸಣ್ಣ ಬಟ್ಟಲು ಇಟ್ಟು ಪ್ರಾರ್ಥಿಸಿದರು. ಬ್ರೆಡ್ಡಿನ ತುಂಡನ್ನು ಅತ್ತೆಯ ಅಂಗೈಯಲ್ಲಿಟ್ಟರು. ಅತ್ತೆ ಅದನ್ನು ಎರಡು ಮಾಡಿದರು. ಅರ್ಧವನ್ನು ಬಾಯಿಗೆ ಹಾಕಿಕೊಂಡರು. ಉಳಿದರ್ಧದ ಮೇಲೆ ಬೆರಳು ಮಡಚಿ ಮುಷ್ಟಿಯನ್ನು ಹೊದಿಕೆಯ ಒಳಗೆ ಎಳೆದುಕೊಂಡರು.

ಕೊಟ್ಟದ್ದನ್ನು ಅಲ್ಲೇ, ಆಗಲೇ, ಪೂರ್ತಿ ತಿನ್ನಬೇಕು. ಎತ್ತಿಡುವ ಹಾಗಿಲ್ಲ, ಬೇರೆಯವರಿಗೆ ಅಂತ ಉಳಿಸುವ ಹಾಗಿಲ್ಲ. ಸಭೆಯಲ್ಲಿ ಇದು ಸಣ್ಣ ಮಕ್ಕಳಿಗೂ ಗೊತ್ತು, ಅತ್ತೆಗೆ ಇನ್ನೂ ಚೆನ್ನಾಗಿ ಗೊತ್ತು. ಅಯ್ಯನವರು ನೋಡಿದರು. ನೋಡಿ, ಬಟ್ಟಲಿನ ಅಂಚು ಒರೆಸುವುದಕ್ಕೆ ತಿರುಗಿಕೊಂಡರು. ಒರೆಸುವಂಥದ್ದೇನೂ ಅದರಲ್ಲಿರಲಿಲ್ಲ. ಚಮಚದಲ್ಲಿ ದ್ರಾಕ್ಷಾರಸ ಕುಡಿಸಿ, ನಮಗೂ ಕೊಟ್ಟು, ಆಶೀರ್ವಾದ ಹೇಳಿ, ಕಾಫಿ ಬೇಡ ಅಂದು ಹೊರಟರು. ಗೇಟಿನ ತನಕ ಹೋದೆ. ಗಾಡಿ ಸ್ಟಾರ್ಟ್ ಮಾಡಿಕೊಂಡು ಹೋದರು.

ಒಳಗೆ ಬರುವಷ್ಟರಲ್ಲಿ ನಾದಿನಿ ತಾಯಿಯ ಮುಷ್ಟಿಯನ್ನು ಹಿಡಿದುಕೊಂಡಿದ್ದಳು.

“ಅಮ್ಮ, ಬಿಚ್ಚಮ್ಮ. ಇದನ್ನ ತಿನ್ನು. ಹಿಂಗೆ ಮಾಡ್ಬಾರ್ದು.”

“ಬುಡು ಮಗಾ.”

ಬಲವಂತ ಮಾಡಿ ಬಿಡಿಸುವುದು ಅವಳಿಗೆ ಕಷ್ಟವಿರಲಿಲ್ಲ. ಅತ್ತೆಯ ಕೈಯಲ್ಲಿ ಈಗ ಮೂಳೆ ಬಿಟ್ಟರೆ ಏನಿದೆ? ಆದರೆ ಅವಳು ಬಿಡಿಸಲಿಲ್ಲ. ಮುಷ್ಟಿಯ ಮೇಲೆ ಹಣೆಯಿಟ್ಟಳು.

“ನೀನು ಅಲ್ಲಿಗೆ ಬರ್ದೇ ಹೋದ್ರೆ ನಾನು ಏನಮ್ಮ ಮಾಡ್ಲಿ? ನಾನು ಹೋಗಿ ನೋಡ್ದಾಗ ನೀನು ಇಲ್ದೇ ಹೋದ್ರೆ?”

ಅತ್ತೆ ಇನ್ನೊಂದು ಕೈಯನ್ನು ಹೊದಿಕೆಯಿಂದ ಈಚೆ ತಂದು ಅವಳ ತಲೆಯ ಮೇಲಿಟ್ಟರು.

“ಅದ್ನೇ ಕಣೇ ನಾನೂ ಕೇಳಿದ್ದು.”

ನಾದಿನಿ ತಲೆಯೆತ್ತಲಿಲ್ಲ. ನಮ್ಮನೆಯವರು ಬಾಗಿಲಿಂದ ಸರಿದು ಹೊರಗೆ ಹೋದರು, ಒಣಗಿದ್ದ ಬಟ್ಟೆಗಳನ್ನು ತಂತಿಯಿಂದ ತೆಗೆದು ತರತೊಡಗಿದರು. ಆ ಮನುಷ್ಯ ಬಟ್ಟೆ ತೆಗೆದದ್ದನ್ನು ನಾನು ನೋಡಿದ್ದೇ ಇಲ್ಲ. ನಾನು ಬಿಳಿ ಬಟ್ಟೆ ಮಡಚಿ, ಟೀಪಾಯಿಯನ್ನು ನಡುಮನೆಗೆ ಎತ್ತಿಟ್ಟು, ಒಲೆ ಹಚ್ಚಿದೆ.

ನಾದಿನಿ ತನ್ನ ಮನೆ ನೋಡಿಕೊಂಡು ಬರಲು ಗುಬ್ಬಿ ಬಸ್ಸಿಗೆ ಹೊರಡಬೇಕಾದವಳು ಹೊರಡಲಿಲ್ಲ. ಅಡುಗೆಮನೆಗೆ ಬಂದು ಕೂತು, ಅತ್ತಿಗೆ, ಆ ಅಜ್ಜಿ ಹೆಂಗಿದ್ದರಂತೆ ಅಂತ ಕೇಳಿದಳು. ಬಸ್ ಸ್ಟ್ಯಾಂಡಿನಲ್ಲಿ ತೊಡೆಯ ಮೇಲೆ ಮಲಗುತ್ತಿದ್ದ ಕೂಸು ಇವಳೇ. ನನಗೇನು ಗೊತ್ತು, ನಿಮ್ಮಮ್ಮನ್ನೇ ಕೇಳು ಅಂದೆ. ಕೇಳುವುದಕ್ಕೆ ಎದ್ದಳು, ಬಾಗಿಲ ತನಕ ಹೋಗಿ ವಾಪಸ್ ಬಂದಳು.

ರಾತ್ರಿಗೆ ಮುದ್ದೆ, ದಂಟಿನ ಸೊಪ್ಪಿನ ಬಸ್ಸಾರು. ನಮ್ಮನೆಯವರು ಊಟ ಮಾಡಿದರು. ನಾದಿನಿ ಅರ್ಧ ಮುದ್ದೆ ಮುರಿದು ಅಷ್ಟೇ ತಿಂದಳು, ನಾನು ಅವಳು ಬಿಟ್ಟ ಅರ್ಧ ತಿಂದೆ. ಅತ್ತೆಗೆ ಗಂಜಿ ತೆಗೆದುಕೊಂಡು ಹೋದಾಗ ಅವರು ಆಗಲೇ ನಿದ್ದೆ ಹೋಗಿದ್ದರು. ಎಷ್ಟೋ ರಾತ್ರಿಗಳಾದ ಮೇಲೆ ಎಲ್ಲರಿಗಿಂತ ಮೊದಲು ಮಲಗಿದ್ದು ಇವತ್ತು ಅವರೇ. ಹೊದಿಕೆ ಸರಿಮಾಡಿದೆ. ಮುಷ್ಟಿ ಹಾಗೇ ಬಿಗಿಯಾಗಿತ್ತು, ನಾನು ಬಿಡಿಸಲಿಲ್ಲ.