ದಾನಾಳಿಗೆ ಹೊಯ್ದ ಗೋಗ್ರಾಸ

ಗಲ್ಫಿನ ಈ ಪುಟ್ಟ ದ್ವೀಪದಲ್ಲಿ ನಾವು ಉಮ್ ಅಲ್ ಹಸ್ಸಮ್‌ನ ಎರಡು ಕೋಣೆಯ ಫ್ಲ್ಯಾಟಿನಲ್ಲಿದ್ದ ಕಾಲವದು. ಅಂಗಡಿಯಲ್ಲಿ ಹಾಲಿಗೇನೂ ಬರವಿರಲಿಲ್ಲ, ಅಮ್ಮ ಮಾತ್ರ ಅದನ್ನು ಹಾಲು ಎಂದು ಒಪ್ಪಿರಲಿಲ್ಲ. ಕಾಯಿಸಿದರೆ ಕೆನೆ ಕಟ್ಟುವುದಿಲ್ಲ, ಹೆಪ್ಪು ಹಾಕಿದರೆ ನೀರೊಡೆಯುತ್ತದೆ, ಅದೆಂಥ ಹಾಲು ಎಂದು ಅವಳ ವಾದ. ಹಾಗಾಗಿ ಪ್ರತಿ ಶುಕ್ರವಾರ ಮಧ್ಯಾಹ್ನದ ಊಟವಾದ ಮೇಲೆ ಅಪ್ಪ ಹಳೆಯ ಕಾರು ತೆಗೆಯಬೇಕು. ಎರಡು ಸ್ಟೀಲಿನ ಕ್ಯಾನು ಹಿಡಿದು ಅಮ್ಮ ಮುಂದೆ, ನಾನು ಹಿಂದೆ. ಅಪ್ಪನಿಗೆ ಸಲ್ಮಾಬಾದಿನ ಟಯರ್ ವರ್ಕ್‌ಶಾಪಿನಲ್ಲಿ ಮ್ಯಾನೇಜರ್ ಕೆಲಸ, ವಾರಕ್ಕೊಂದೇ ರಜೆ. ಆ ರಜೆಯನ್ನೂ ದನಕ್ಕೆ ಕೊಟ್ಟಾಯಿತು ಎಂದು ಗೊಣಗುತ್ತಿದ್ದರು. ಗೊಣಗುತ್ತಲೇ ಹೋಗುತ್ತಿದ್ದರು.

ಹೋಗುತ್ತಿದ್ದುದು ದ್ವೀಪದ ವಾಯುವ್ಯದ ಅಂಚಿನ ಒಂದು ಹಳ್ಳಿಗೆ. ಒಂದು ಬದಿ ಖರ್ಜೂರದ ತೋಟ, ಅದರ ನೆರಳಲ್ಲಿ ಜತ್ ಎಂಬ ಹಸಿರು ಮೇವಿನ ಗದ್ದೆ, ಕೊಟ್ಟಿಗೆಗಳು. ಇನ್ನೊಂದು ಬದಿ ಸಮುದ್ರ. ಹಿಂದೆ ಅದು ಮುತ್ತಿನ ಊರಾಗಿತ್ತಂತೆ. ಬೇಸಗೆ ಬಂತೆಂದರೆ ಗಂಡಸರೆಲ್ಲ ದೋಣಿ ಹತ್ತಿ ತಿಂಗಳುಗಟ್ಟಲೆ ಹೋಗುವುದು, ಮೂಗಿಗೆ ಚಿಮುಟ ಸಿಕ್ಕಿಸಿ, ಕಾಲಿಗೆ ಕಲ್ಲು ಕಟ್ಟಿ ನೀರಿಗಿಳಿಯುವುದು. ಆಮೇಲೆ ಮುತ್ತಿಗೆ ಬೆಲೆ ಹೋಯಿತು, ಎಣ್ಣೆ ಬಂತು, ಗಂಡಸರು ಬಸ್ಸು ಹತ್ತಿ ಬೇರೆ ಕೆಲಸಕ್ಕೆ ಹೋದರು. ನಾನು ನೋಡುವಾಗ ಮುತ್ತು ಹೋಗಿ ದನ ಉಳಿದಿತ್ತು. ದಡದಲ್ಲಿ ಎರಡು ದೋಣಿಗಳು ಮಗುಚಿಕೊಂಡು ಹಲಗೆ ಬಿಡುತ್ತಿದ್ದವು. ಅವುಗಳ ಪಕ್ಕದಲ್ಲಿ ನನಗಿಂತ ಎತ್ತರಕ್ಕೆ ಚಿಪ್ಪಿನ ಗುಡ್ಡೆ. ಊರಿನಲ್ಲಾದರೆ ಇಷ್ಟೊತ್ತಿಗೆ ಸುಟ್ಟು ಸುಣ್ಣ ಮಾಡುತ್ತಿದ್ದರು ಎಂದು ಅಮ್ಮ ಪ್ರತಿ ಸಲವೂ ಹೇಳುವವಳೇ.

ನನಗೆ ಆ ಗುಡ್ಡೆಯೇ ಆಟದ ಜಾಗ. ಯಾರ ಕಣ್ಣಿಗೂ ಬೀಳದ ಒಂದು ಮುತ್ತು ಅದರೊಳಗೆ ಇದ್ದೇ ಇರುತ್ತದೆ ಎಂದು ಕೋಲಿನಿಂದ ಕೆದಕುತ್ತಿದ್ದೆ. ಬೆರಳು ಕುಯ್ದುಕೊಂಡದ್ದೇ ಬಂತು. ಪಾಚಿಯ ವಾಸನೆ, ಸೆಗಣಿಯ ವಾಸನೆ, ಆಗಷ್ಟೇ ಕೊಯ್ದ ಜತ್‌ನ ವಾಸನೆ ಮೂರೂ ಒಟ್ಟಿಗೆ ಬರುತ್ತಿದ್ದ ಬೇರೆ ಜಾಗವನ್ನು ನಾನು ಕಂಡಿಲ್ಲ.

ದನಗಳ ಯಜಮಾನರು ಒಬ್ಬ ಅಜ್ಜ. ಮಗ ಜಾಸಿಮ್, ಅದಕ್ಕೇ ಅಲ್ಲಿಯ ಪದ್ಧತಿಯಂತೆ ಎಲ್ಲರೂ ಅವರನ್ನು ಬು ಜಾಸಿಮ್, ಅಂದರೆ ಜಾಸಿಮನ ಅಪ್ಪ, ಎನ್ನುತ್ತಿದ್ದರು. ಹುಡುಗನಾಗಿದ್ದಾಗ ಮುತ್ತಿನ ದೋಣಿಯಲ್ಲಿ ಹಗ್ಗ ಎಳೆದು, ಕೊನೆಯ ಕೆಲವು ವರ್ಷ ನೀರಿಗೂ ಇಳಿದವರು. ಎಡಗಿವಿ ಅಲ್ಲೇ ಹೋಗಿತ್ತು. ಮಾತಾಡಿಸಬೇಕಾದರೆ ನಾವು ಬಲಕ್ಕೆ ಹೋಗಿ ನಿಲ್ಲಬೇಕು. ಮುರುಕು ಹಿಂದಿ ಬರುತ್ತಿತ್ತು, ಅಮ್ಮನದೂ ಅಷ್ಟೇ ಮುರುಕು, ಆದ್ದರಿಂದ ಇಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು. ಅವರಲ್ಲಿ ಮೂರು ದನಗಳಿದ್ದವು. ಕಂದು ಬಣ್ಣದ, ಆಗಷ್ಟೇ ಕರು ಹಾಕಿದ ದನದ ಹೆಸರು ದಾನಾ. ಸಮುದ್ರದಲ್ಲಿ ಸಿಗುವ ಮುತ್ತುಗಳಲ್ಲೆಲ್ಲ ದೊಡ್ಡದಕ್ಕೆ ಆ ಹೆಸರು. ನನಗೆ ನೀರಿನಲ್ಲಿ ಸಿಗಲಿಲ್ಲ, ಕೊಟ್ಟಿಗೆಯಲ್ಲಿ ಸಿಕ್ಕಿತು ಎಂದು ಬು ಜಾಸಿಮ್ ನಗುತ್ತಿದ್ದರು.

ನನಗೆ ಒಂಬತ್ತು ವರ್ಷವಾದ ಆ ದೀಪಾವಳಿಗೆ ಅಮ್ಮನ ತಲೆಗೆ ಗೋಪೂಜೆ ಹೊಕ್ಕಿತು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಒಂದು ವರ್ಷವೂ ದನದ ಹಣೆಗೆ ಕುಂಕುಮ ಇಟ್ಟಿಲ್ಲ ಎಂದು ಕಣ್ಣೀರು ಹಾಕಿದಳು. ಅಪ್ಪ ಹೆದರುತ್ತಲೇ ಹೋಗಿ ಕೇಳಿದರು. ಬು ಜಾಸಿಮ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತಂತೆ. ಅರ್ಥವಾದ ಮೇಲೆ, ಓಹೋ, ಗಾಯ್ ಕಾ ಈದ್, ಎಂದು ಒಪ್ಪಿದರು. ಆದರೆ ಜನ ಕಂಡರೆ ದನ ಬೆದರುತ್ತದೆ, ಒಂದೇ ಮನೆಯವರು ಬರಬೇಕು.

ಸುದ್ದಿ ಕಟ್ಟಡವಿಡೀ ಹಬ್ಬಿತು. ಬರಲಾಗದ ನಮ್ಮೂರ ಕಡೆಯವರೆಲ್ಲ ನಮ್ಮದೂ ಒಂದು ಇರಲಿ ಎಂದು ಪಾತ್ರೆ ತಂದುಕೊಟ್ಟರು. ಬೆಲ್ಲ ತೆಂಗಿನಕಾಯಿ ಕಲಸಿದ ಅವಲಕ್ಕಿ, ಅನ್ನ, ಕಡುಬು, ಬಾಳೆಹಣ್ಣು. ನಮ್ಮದೂ ಸೇರಿ ಏಳು ದೊಡ್ಡ ಪಾತ್ರೆ. ಕಾರಿನ ಡಿಕ್ಕಿ ಮುಚ್ಚಲಿಲ್ಲ, ಅಪ್ಪ ಹಗ್ಗ ಕಟ್ಟಿದರು.

ಅಮ್ಮ ಅಂದು ಬಹಳ ಸಂತೋಷದಲ್ಲಿದ್ದಳು. ದಾನಾಳ ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿದಳು. ಅಕ್ಕಿಹಿಟ್ಟಿನ ನೀರಿಗೆ ಲೋಟದ ಬಾಯಿ ಅದ್ದಿ ಮೈತುಂಬ ಬಿಳಿ ಬಳೆಗಳ ಗುರುತು ಒತ್ತಿದಳು. ಆರತಿ ಎತ್ತಿ, ಮುಷ್ಟಿ ಅವಲಕ್ಕಿ ಬಾಯಿಗಿಟ್ಟಳು. ಎರಡು ಮುಷ್ಟಿಯಾಗುವುದರೊಳಗೆ ಬು ಜಾಸಿಮ್ ಕೈ ಅಡ್ಡ ಹಿಡಿದರು. ಬಸ್, ಜ್ಯಾದಾ ನಹೀ, ಪೇಟ್ ಖರಾಬ್. ಸಾಕು, ಹೆಚ್ಚಾದರೆ ಹೊಟ್ಟೆ ಕೆಡುತ್ತದೆ. ಆಗಲೇ ನಮಾಜಿಗೆ ಕರೆ ಬಂತು. ಅವರು ಮಸೀದಿಗೆ ನಡೆದರು, ಅಪ್ಪ ಹಳೆಯ ದೋಣಿ ನೋಡಲು ದಡಕ್ಕೆ ಹೋದರು.

ಪಾತ್ರೆಗಳು ತುಂಬಿದಂತೆಯೇ ಇದ್ದವು. ಅಮ್ಮ ಅವನ್ನೂ ದನವನ್ನೂ ನೋಡಿದಳು.

“ದನಕ್ಕೆ ಅಂತ ತಂದದ್ದನ್ನು ವಾಪಸು ಕೊಂಡೋಗ್ಲಿಕ್ಕೆ ಇಲ್ಲ ಮಗಾ. ಆರು ಮನೆಯವರಿಗೆ ನಾನೆಂತ ಹೇಳುದು? ನೀನು ಮೆಲ್ಲ ಆ ಮರಿಗೆಗೆ ಹೊಯ್ದು ಬಾ.”

ನಾನು ಹೊಯ್ದೆ. ಏಳೂ ಪಾತ್ರೆಯನ್ನು ನಾನೇ ಹೊಯ್ದೆ, ಖುಷಿಯಲ್ಲಿ. ದಾನಾ ಮರಿಗೆಗೆ ಮುಖ ಹಾಕಿದವಳು ಎತ್ತಲಿಲ್ಲ. ಬು ಜಾಸಿಮ್ ತಿರುಗಿ ಬರುವಷ್ಟರಲ್ಲಿ ಮರಿಗೆಯನ್ನು ನೆಕ್ಕಿ ಹೊಳೆಯುವಂತೆ ಮಾಡಿದ್ದಳು. ಉಳಿದದ್ದೆಲ್ಲ ಎಲ್ಲಿ ಎಂದು ಅವರು ಕೇಳಿದರು. ಕಾರಿನಲ್ಲಿಟ್ಟೆವು ಎಂದು ಅಮ್ಮ ಹೇಳಿದಳು. ಅವರು ತಲೆಯಾಡಿಸಿ ನನ್ನ ಕೈಗೆ ಒಂದು ಹಿಡಿ ಖರ್ಜೂರ ಹಾಕಿದರು.

ಮುಂದಿನ ಶುಕ್ರವಾರ ಹೋದಾಗ ಕರು ಒಂದೇ ಸಮನೆ ಕೂಗುತ್ತಿತ್ತು. ಬು ಜಾಸಿಮ್ ಕೊಟ್ಟಿಗೆಯ ಬಾಗಿಲಲ್ಲಿ ಕುಳಿತಿದ್ದರು, ಎದ್ದು ಬರಲಿಲ್ಲ. ಹಬ್ಬದ ಮರುದಿನ ಬೆಳಿಗ್ಗೆಯೇ ದಾನಾ ಹೊಟ್ಟೆ ಉಬ್ಬಿ ಬಿದ್ದಿದ್ದಳಂತೆ. ಡಾಕ್ಟರು ಬಂದು, ಕಾಳುಕಡಿ ವಿಪರೀತ ತಿಂದಿದೆ, ಅದೇ ವಿಷವಾಗಿದೆ ಎಂದರಂತೆ. ಸಂಜೆಗೆ ಸತ್ತಳು. ಕೊಟ್ಟಿಗೆಗೆ ತಾಗಿ ಬಾರ್ಲಿ ಮೂಟೆಗಳ ಕೋಣೆಯಿತ್ತು. ಬು ಜಾಸಿಮ್ ಅದರ ಬಾಗಿಲು ತೋರಿಸಿ ತಮ್ಮ ಎದೆ ಮುಟ್ಟಿಕೊಂಡರು.

“ಗಲತೀ ಮೇರಾ. ದರ್ವಾಜಾ ಖುಲಾ ಛೋಡಾ.”

ತಪ್ಪು ನನ್ನದು, ಬಾಗಿಲು ತೆರೆದಿಟ್ಟೆ. ಹಾಕಿದ ನೆನಪಿದೆ, ಆದರೆ ಹಾಕಿರಲಿಕ್ಕಿಲ್ಲ, ಇಲ್ಲವಾದರೆ ದನ ಒಳಗೆ ಹೋಗುವುದು ಹೇಗೆ, ಎಂದು ಮತ್ತೆ ಮತ್ತೆ ಹೇಳಿದರು. ಅಗುಳಿಯನ್ನು ಎಳೆದು, ಸರಿಸಿ, ದಿನಾ ಹೀಗೆ ಮಾಡುತ್ತೇನೆ ಎಂದು ನಮಗೆ ತೋರಿಸಿದರು. ನಾನು ಅಮ್ಮನ ಮುಖ ನೋಡಿದೆ. ಅಮ್ಮ ಚಿಪ್ಪಿನ ಗುಡ್ಡೆಯ ಕಡೆ ನೋಡುತ್ತಿದ್ದಳು. ಎರಡೂ ಕ್ಯಾನು ಅವಳ ಕೈಯಲ್ಲೇ ಇದ್ದವು.

ಕಾರಿನಲ್ಲಿ ಅಮ್ಮ ಅಳುತ್ತಾ ಅಪ್ಪನಿಗೆ ಎಲ್ಲ ಹೇಳಿದಳು. ಅಪ್ಪ ಕಾರು ಬದಿಗೆ ನಿಲ್ಲಿಸಿದರು. ಈಗಲೇ ತಿರುಗಿ ಹೋಗಿ ಹೇಳುವಾ ಎಂದು ಅಮ್ಮ ಅಂದದ್ದು ನಿಜ. ಅದನ್ನು ನಾನು ಅವಳ ಲೆಕ್ಕಕ್ಕೆ ಬರೆಯಲೇಬೇಕು. ಅಪ್ಪನೇ ಒಪ್ಪಲಿಲ್ಲ.

“ಇದು ನಮ್ಮ ಊರಲ್ಲ ಮಾರಾಯ್ತಿ. ಕೇಸು, ಪೊಲೀಸು ಅಂತ ಆದ್ರೆ ವೀಸಾ ಕ್ಯಾನ್ಸಲ್. ಅವರು ಯಾರನ್ನೂ ದೂರಲಿಲ್ಲ ಅಲ್ವಾ, ಸುಮ್ಮನಿರು.”

ನನ್ನ ಕಡೆ ತಿರುಗಿ, ನಿನಗೂ ಹೇಳಿದ್ದು, ಎಂದರು. ನಾನು ಸುಮ್ಮನಿದ್ದೆ. ಹೆದರಿಕೆಯಿಂದ ಮಾತ್ರವಲ್ಲ. ಹೊಯ್ದವಳು ನಾನು ಎಂಬುದು ಯಾರಿಗೂ ಗೊತ್ತಾಗುವುದಿಲ್ಲ ಎಂಬ ಸಮಾಧಾನವೂ ಇತ್ತು. ಅದು ಇತ್ತೆಂದು ಹೇಳಿಕೊಳ್ಳಲು ನನಗೆ ಇಷ್ಟು ವರ್ಷ ಬೇಕಾಯಿತು.

ಆ ಚಳಿಗಾಲ ಮುಗಿಯುವ ಮೊದಲೇ ಬು ಜಾಸಿಮ್ ಉಳಿದೆರಡು ದನವನ್ನೂ ಕರುವನ್ನೂ ಮಾರಿದರು. ಏಕೆ ಎಂದು ಅಪ್ಪ ಕೇಳಿದ್ದಕ್ಕೆ ತಲೆಗೆ ಬೆರಳು ಕುಟ್ಟಿ, ಖಲಾಸ್, ಎಂದರು. ಆಮೇಲೆ ನಾವು ಅತ್ತ ಹೋಗಲಿಲ್ಲ. ಅಮ್ಮ ಅಂಗಡಿಯ ಹಾಲನ್ನು ಒಂದು ಮಾತಿಲ್ಲದೆ ಕಾಯಿಸತೊಡಗಿದಳು. ಮನೆಯಲ್ಲಿ ಗೋಪೂಜೆಯ ಸುದ್ದಿಯನ್ನೇ ಯಾರೂ ಎತ್ತಲಿಲ್ಲ.

ಅಪ್ಪ ಬೇಗ ತೀರಿಹೋದರು. ನಾನು ಓದಿ, ಮದುವೆಯಾಗಿ, ಇಲ್ಲೇ ಆಫೀಸೊಂದರಲ್ಲಿ ಕೆಲಸಕ್ಕೆ ಸೇರಿ, ಸನದ್‌ನಲ್ಲಿ ಮನೆ ಮಾಡಿದೆ. ಅಮ್ಮ ನನ್ನ ಜೊತೆಯೇ ಇದ್ದಳು. ಹಳ್ಳಿಗೆ ಕಾರಿನಲ್ಲಿ ಅರ್ಧ ಗಂಟೆಯೂ ಬೇಡ. ಆದರೆ ಅಮ್ಮ ಬದುಕಿರುವವರೆಗೆ ಆ ಮಾತನ್ನು ಹೊರಗೆ ಹಾಕಬಾರದೆಂದು ನನ್ನಷ್ಟಕ್ಕೆ ತೀರ್ಮಾನಿಸಿಕೊಂಡಿದ್ದೆ. ಅದನ್ನು ಮರ್ಯಾದೆ ಎಂದುಕೊಂಡಿದ್ದೆ. ಹೋದ ವರ್ಷ ಅಮ್ಮ ತೀರಿಕೊಂಡಳು. ಈ ಫೆಬ್ರವರಿಯ ಒಂದು ಶುಕ್ರವಾರ ಒಬ್ಬಳೇ ಹೊರಟೆ.

ಗುರುತು ಸಿಗಲಿಲ್ಲ. ಜತ್ ಗದ್ದೆಯ ಮೇಲೆ ವಿಲ್ಲಾಗಳ ಸಾಲು. ಸಮುದ್ರಕ್ಕೆ ಮಣ್ಣು ತುಂಬಿ ದೂರ ಓಡಿಸಿದ್ದಾರೆ, ದೋಣಿಗಳೂ ಇಲ್ಲ. ಸುಮ್ಮನೆ ಸುತ್ತಿ, ಕೊನೆಗೆ ಕೋಲ್ಡ್ ಸ್ಟೋರ್ ಎನ್ನುವ ಕಿರಾಣಿ ಅಂಗಡಿಯ ಮಲಯಾಳಿಯನ್ನು ಕೇಳಿ ಜಾಸಿಮನ ಮನೆ ಹುಡುಕಿದೆ. ಅವರ ಗಡ್ಡ ನೆರೆತಿತ್ತು. ಹಾಲಿಗೆ ಬರುತ್ತಿದ್ದ ಇಂಡಿಯಾದವರ ಮಗಳು ಎಂದಾಗ ಗುರುತು ಹಿಡಿದು ಒಳಗೆ ಕೂರಿಸಿ ಅರಬ್ಬಿ ಕಾಫಿ, ಕಾವಾ, ತರಿಸಿದರು. ತಂದೆ ಎರಡು ವರ್ಷದ ಕೆಳಗೆ ಹೋದರು ಎಂದರು.

ಎದ್ದು ಬಂದುಬಿಡಬಹುದಿತ್ತು. ಆದರೆ ಹೇಳಿದೆ, ಏಳು ಪಾತ್ರೆಯ ಲೆಕ್ಕವನ್ನೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಒಂದು ದನ ಅಷ್ಟೇ, ಬಿಡಿ, ಎನ್ನುತ್ತಾರೆ ಎಂದು ಒಳಗೊಳಗೇ ಆಸೆಯಿತ್ತು.

ಜಾಸಿಮ್ ಕಾವಾದ ಬಟ್ಟಲು ಕೆಳಗಿಟ್ಟರು. ಆಮೇಲೆ ನಿಧಾನವಾಗಿ ಹೇಳಿದರು. ಆ ದಿನದ ಮೇಲೆ ತಂದೆ ತಮ್ಮ ಕೈಯನ್ನೇ ನಂಬಲಿಲ್ಲ. ದೀಪ ಆರಿಸಿದೆನೇ, ಒಲೆ ಆರಿಸಿದೆನೇ ಎಂದು ಎಲ್ಲರನ್ನೂ ಕೇಳುತ್ತಿದ್ದರು. ನಾವೂ ನಂಬಿದೆವು, ಮರೆವು ಬಂತು ಎಂದು. ಟ್ರಕ್ಕಿನ ಬೀಗದ ಕೈ ತೆಗೆದಿಟ್ಟೆವು. ನನ್ನ ತಂಗಿ ತನ್ನ ಮಕ್ಕಳನ್ನು ಅವರೊಬ್ಬರ ಬಳಿ ಒಂದು ಗಳಿಗೆಯೂ ಬಿಡುತ್ತಿರಲಿಲ್ಲ. ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿ, ನಮ್ಮ ಮುಖ ನೋಡಿ, ತಾವೇ ಕೈ ಹಿಂದೆ ತೆಗೆದುಕೊಳ್ಳುತ್ತಿದ್ದರು.

ನಾನು ಹೊತ್ತು ತಿರುಗಿದ್ದು ಒಂದು ದನದ ಸಾವನ್ನು. ಬು ಜಾಸಿಮ್‌ರಿಂದ ನಾವು ಕಿತ್ತುಕೊಂಡದ್ದು ಮೂವತ್ತು ವರ್ಷ. ಬದುಕಿದ್ದಾಗ ಹೇಳಿದ್ದರೆ ಒಂದೇ ವಾಕ್ಯ ಸಾಕಿತ್ತು.

ಜಾಸಿಮ್ ಫೋನು ತೆಗೆದು ತಂಗಿಗೆ ಕರೆ ಮಾಡಿದರು. ಅರಬ್ಬಿಯಲ್ಲಿ ತಡೆತಡೆದು ಮಾತಾಡಿದರು. ಅವರ ಮಾತಿನಲ್ಲಿ ನನಗೆ ಅರ್ಥವಾದದ್ದು ಒಂದೇ. ಆಕೆಗೆ ಕೇಳಿಸಲಿಲ್ಲವೋ ನಂಬಿಕೆ ಬರಲಿಲ್ಲವೋ, ಅದನ್ನೇ ಅವರು ಮೂರು ಸಲ ಹೇಳಬೇಕಾಯಿತು: ಅಪ್ಪ ಬಾಗಿಲು ಹಾಕಿದ್ದರು.