ಬಡಿತಕ್ಕೊಂದು ತುಂಡು

ಫ್ರೆಂಚ್ ಮಾತಾಡುವಾಗ ಅಕ್ಕೋರ ತುಟಿ ಒಲೆ ಊದುವವರ ತುಟಿಯಂತೆ ಗುಂಡಗಾಗುತ್ತಿತ್ತು. ಕೆಳತುಟಿಯಲ್ಲಿ ಸಣ್ಣದೊಂದು ಸೀಳು. ಚಳಿಗಾಲದಲ್ಲಿ ಅದಕ್ಕೆ ತುಪ್ಪ ಸವರಿಕೊಂಡೇ ಪಾಠಕ್ಕೆ ಕೂರುತ್ತಿದ್ದರು.

ಮಕ್ಕಳೇ, ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ತಿಕೋಟಾದಿಂದ ಬಸ್ಸಿನಲ್ಲಿ ವಿಜಯಪುರಕ್ಕೆ ಹೋಗಿ ಈ ಅಕ್ಕೋರ ಮನೆಯಲ್ಲಿ ಅಡುಗೆ ಮಾಡುತ್ತಿದ್ದೆ. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ, ಮಹಡಿಯ ಮೇಲೆ ಎರಡು ಕೋಣೆ. ಒಂದರಲ್ಲಿ ಅಡುಗೆ, ಇನ್ನೊಂದರಲ್ಲಿ ಕಾಲೇಜಿನ ಹುಡುಗಿಯರಿಗೆ ಫ್ರೆಂಚ್ ಪಾಠ. ಮದುವೆಯಾಗದ ಅಕ್ಕೋರಿಗೆ ಆ ಪಾಠವೇ ಸಂಸಾರ.

ಪದವನ್ನು ಮುರಿದು, ತುಂಡಿಗೊಮ್ಮೆ ಮೇಜು ಬಡಿದು ಹೇಳಿಸುತ್ತಿದ್ದರು.

"ವಾಂ–ದರ್, ಅಂದ್ರ ಸಾಮಾನು ಮಾರಾಂವ. ವಾಂ–ದಜ್, ಮಾರಾಕಿ. ಎರಡನೇದ್ದು ಬರಿಯೂಮುಂದ ಮೂರು ತುಂಡು, ಅನ್ನೂಮುಂದ ಎರಡ. ಕೊನೀದು ಬಾಯಾಗ ಬರಬಾರದು!"

ನಾನು ಅಡುಗೆಕೋಣೆಯಲ್ಲಿ ನಕ್ಕಿದ್ದು ಒಮ್ಮೆ ಅವರಿಗೆ ಕೇಳಿಸಿತು.

"ಯಾಕ ನಗ್ತಿ ಬೇ? ಬಾ, ನೀನೂ ಹೇಳು."

ಸೆರಗು ಬಾಯಿಗೊತ್ತಿಕೊಂಡು, "ನನ್ನ ನಾಲಿಗಿ ತಿಕೋಟಾ ದಾಟೂದಿಲ್ರಿ" ಎಂದೆ.

"ದಿನಾ ನಿನ್ನ ಜೋಡಿ ಬಸ್ ಹತ್ತಿ ಬರ್ತೈತಲ್ಲ!" ಎಂದರು. ಹುಡುಗಿಯರೆಲ್ಲ ನಕ್ಕರು.

ಒಂದು ಬೆಳಿಗ್ಗೆ ಅವರಿಗೆ ಲಕ್ವಾ ಹೊಡೆಯಿತು. ತುಟಿ ಒಂದು ಕಡೆ ಜಾರಿತು, ಮಾತು ನಿಂತಿತು. ಹುಡುಗಿಯರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಖಾಲಿ ಕುರ್ಚಿಗಳನ್ನು ಎತ್ತಿಡಲು ಹೋದರೆ ಅಕ್ಕೋರು ಕೈ ಬೀಸಿ ಬೇಡ ಎನ್ನುತ್ತಿದ್ದರು. ಮತ್ತೆ ಪಾಠ ಹೇಳಬೇಕು, ಅವರಿಗಿದ್ದದ್ದು ಅದೊಂದೇ ಆಸೆ.

ಆಮೇಲೊಂದು ದಿನ ನಾನು ರೊಟ್ಟಿ ಬಡಿಯುತ್ತಿದ್ದಾಗ ಮಂಚದಿಂದ ದನಿ ಬಂತು. "ವಾಂ..." ಗಾಬರಿಯಿಂದ ಕೈ ನಿಲ್ಲಿಸಿದೆ. ಅವರೂ ನಿಂತರು. ಮತ್ತೆ ಬಡಿದೆ. "ದರ್." ನೀರು ಕೇಳಲೂ ಬಾರದ ಬಾಯಿಂದ ಬಡಿತಕ್ಕೊಂದು ತುಂಡು ಹೊರಬರುತ್ತಿತ್ತು. ಅಂದಿನಿಂದ ರೊಟ್ಟಿ ಸಾಕಾದರೂ ಅದೇ ಹಿಟ್ಟನ್ನು ನಾದಿ ನಾದಿ ಬಡಿದೆ. ಕೆಲವು ವಾರಗಳಲ್ಲಿ "ನೀ–ರು" ಎಂದರು. ಇಬ್ಬರೂ ಅತ್ತೆವು.

ಅಷ್ಟರಲ್ಲಿ ಬಬಲೇಶ್ವರದಿಂದ ಅವರ ತಮ್ಮ ಬಂದರು. "ಒಬ್ಬಾಕಿನ್ನ ಇಲ್ಲಿ ಹೆಂಗ ಬಿಡೂದ್ರಿ?" ಎಂದು ಕರೆದೊಯ್ದರು. ಒಳ್ಳೆಯ ಜನ. ಒಳಕೋಣೆಯಲ್ಲಿ ಮೆತ್ತನೆಯ ಹಾಸಿಗೆ ಹಾಕಿದರು, ಅಲ್ಲಿದ್ದ ಟಿವಿ ಹೊರಗಿಟ್ಟರು, ಮಕ್ಕಳನ್ನು ಅಂಗಳಕ್ಕೆ ಅಟ್ಟಿದರು. ರೋಗಿಗೆ ಸದ್ದು ಆಗದು ಎಂದು ಅವರ ನಂಬಿಕೆ.

ನಾನು ನೋಡಲು ಹೋದೆ. ಬೇರೆಯವರ ಮನೆಯಲ್ಲಿ ಬಾಯಿ ತೆರೆಯದವಳು, ಧೈರ್ಯ ಮಾಡಿ ಹೇಳಿದೆ: "ಅಕ್ಕೋರಿಗೆ ಬಡಿತ ಬೇಕ್ರಿ. ಸ್ವಲ್ಪ ಹಿಟ್ಟು ಕೊಡ್ರಿ, ರೊಟ್ಟಿ ಬಡೀತೀನಿ."

ತಮ್ಮನ ಹೆಂಡತಿ ನಕ್ಕರು. "ರೊಟ್ಟಿ ನಾವು ಹೊರಗಿಂದ ತರಸ್ತೀವ್ರಿ ಯವ್ವಾ. ನೀವ್ಯಾಕ ದಣೀತೀರಿ, ಚಾ ಕುಡೀರಿ."

ಮಂಚದ ಪಕ್ಕ ಕುಳಿತು ಅದರ ಮರದ ಪಟ್ಟಿಯನ್ನೇ ಅಂಗೈಯಿಂದ ಬಡಿದೆ. ಅಕ್ಕೋರ ತುಟಿ ನಡುಗುತ್ತ ಗುಂಡಗಾಯಿತು. ಉಸಿರು ಬಂತು, ದನಿ ಬರಲಿಲ್ಲ. ಮತ್ತೊಮ್ಮೆ ಬಡಿಯುವಷ್ಟರಲ್ಲಿ ತಮ್ಮನ ಹೆಂಡತಿ ಮೆಲ್ಲಗೆ ನನ್ನ ಕೈ ಹಿಡಿದರು. "ಸಾಕ್ರಿ, ಮಲಕ್ಕೊಳ್ಳಲಿ ಅವ್ರು." ಹಿಡಿದ ಆ ಕೈಯನ್ನೇ ಅಕ್ಕೋರು ನೋಡುತ್ತಿದ್ದರು.

ಮುಂದಿನ ಸಲ ನಾನು ಹೋದದ್ದು ಅಕ್ಕೋರ ಮಣ್ಣಿಗೆ. ತಮ್ಮನ ಹೆಂಡತಿ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತರು.

"ಒಂದೀಟೂ ಸಪ್ಪಳಿಲ್ಲದಂಗ ಹೋದ್ರು ನೋಡ್ರಿ, ಪುಣ್ಯವಂತ್ರು" ಎಂದರು.

ನಾನು ಅವರ ಬೆನ್ನು ಸವರುತ್ತ ನಿಂತೆ.