ತಾವರೆ ಎಲೆ ಹೊಲಿಯದ ಮಾಸ್ತರು

ಮೊನ್ನೆ ಪಕ್ಕದ ಮನೆಯವರು ಹಿತ್ತಾಳೆ ಸಾಮಾನು ಉಜ್ಜಲು ಪಾಲಿಶ್ ಡಬ್ಬಿ ತೆರೆದರು. ಆ ಘಾಟು ಕಿಟಕಿಯಿಂದ ಒಳಗೆ ಬಂದದ್ದೇ ತಡ, ಓದುತ್ತಿದ್ದ ಪತ್ರಿಕೆ ಕೆಳಗಿಟ್ಟೆ. ನಲವತ್ತೈದು ವರ್ಷಗಳ ಹಿಂದೆ ಒಬ್ಬ ಮನುಷ್ಯನ ಬೆರಳುಗಳಿಗೆ ಸದಾ ಇದೇ ವಾಸನೆ ಇರುತ್ತಿತ್ತು...

ನಾವು ಅವರನ್ನು ಮಾಸ್ತರು ಎನ್ನುತ್ತಿದ್ದೆವು. ಪಾಠದ ಮಾಸ್ತರಲ್ಲ, ಟೇಲರ್ ಮಾಸ್ತರು. ಗುಲ್ಬರ್ಗಾ ಕಡೆಯವರು. ನಾವಿದ್ದ ಮರಾಠಿ ಊರಿನ ಸದಾಶಿವ ಪೇಠೆಯಲ್ಲಿ, ವಠಾರದಂಥ ಹಳೆಯ ವಾಡೆಯಲ್ಲಿ ಕೆಳಗಿನ ಕೋಣೆ ಮಾಸ್ತರು ಮತ್ತು ಅವರ ಹೆಂಡತಿಯದು. ಮೇಲಿನದು ನನ್ನದು, ನನ್ನ ತಾಯಿಯದು. ಸೈನ್ಯದವರಿದ್ದ ಕ್ಯಾಂಪಿನ ಒಂದು ಅಂಗಡಿ ಸಾಲಿನಲ್ಲಿ ಅವರ ಪುಟ್ಟ ಅಂಗಡಿಯಿತ್ತು. ಸೈನಿಕರ ಪದಕಗಳನ್ನು ಉಜ್ಜಿ, ರಿಬ್ಬನ್ನುಗಳನ್ನು ಜೋಡಿಸಿ, ಪಟ್ಟಿಗೆ ಹೊಲಿದುಕೊಡುವುದು ಅವರ ಕೆಲಸ. ಆ ಸಾಲಿನ ಅಂಗಡಿಗಳೆಲ್ಲ ಒಂದು ಟ್ರಸ್ಟಿನವು. ಟ್ರಸ್ಟಿನ ಕಚೇರಿಯಲ್ಲಿ ನಾನು ಟೈಪಿಸ್ಟ್, ಅದೂ ತಾತ್ಕಾಲಿಕ.

ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅವರ ಅಂಗಡಿಗೇ ಹೋಗುತ್ತಿದ್ದೆ. ರಿಬ್ಬನ್ ಮೇಲಿನ ಚೂರು ಲೋಹಕ್ಕೂ ಅರ್ಥವಿದೆಯೆಂದು ತಿಳಿದದ್ದು ಅಲ್ಲಿ. ಅದೇ ಶೌರ್ಯಪದಕ ಎರಡನೇ ಸಲ ಬಂದರೆ ಒಂದು ಅಡ್ಡಪಟ್ಟಿ. ಯುದ್ಧದ ವರದಿಯಲ್ಲಿ ಸೈನಿಕನ ಹೆಸರನ್ನು ವಿಶೇಷವಾಗಿ ಹೇಳಿದ್ದರೆ, ಆ ಯುದ್ಧದ ಪದಕದ ರಿಬ್ಬನ್ ಮೇಲೆ ಪುಟ್ಟ ತಾವರೆ ಎಲೆ. ಎಲೆ ಕೂರಿಸುವ ಮೊದಲು ಮಾಸ್ತರು ಅದಕ್ಕೆ ಸಾಕ್ಷಿಯಾದ ಸೈನ್ಯದ ಕಾಗದ ಕೇಳುತ್ತಿದ್ದರು. ಒಮ್ಮೆ ಭೋರ್ ಕಡೆಯ ವಿಧವೆಯೊಬ್ಬಳು ಸೆರಗಿನ ಗಂಟು ಬಿಚ್ಚಿ, ಎಪ್ಪತ್ತೊಂದರ ಯುದ್ಧದಲ್ಲಿ ಸತ್ತ ಗಂಡನ ಕಾಗದ ಕೊಟ್ಟಳು. ತಮ್ಮ ಸ್ಟೂಲಿನ ಮೇಲೆ ಅವಳನ್ನು ಕೂರಿಸಿ, ಮಾಸ್ತರು ಅದನ್ನು ನಿಂತುಕೊಂಡೇ ಓದಿದರು.

ಒಂದು ಜನವರಿಯಲ್ಲಿ ಸೈನ್ಯದ ನಿವೃತ್ತ ಅಧಿಕಾರಿಯೊಬ್ಬರು ಬಂದರು. ನಮ್ಮ ಕಚೇರಿ ಸಾಹೇಬರ ಗೆಳೆಯರು. ನಾನು ಅಲ್ಲೇ ಊಟ ಮಾಡುತ್ತಿದ್ದೆ. ಗಣರಾಜ್ಯೋತ್ಸವದ ಸಮಾರಂಭಕ್ಕೆ ಪದಕಗಳನ್ನು ಹೊಲಿಯಲು ಕೊಟ್ಟು, ಒಂದರ ಮೇಲೆ ತಾವರೆ ಎಲೆಯನ್ನೂ ಹಚ್ಚು ಎಂದರು. ಮಾಸ್ತರು ಮರಾಠಿಯಲ್ಲಿ ಮೆಲ್ಲಗೆ ಕಾಗದ ಕೇಳಿದರು. ಅಂಥದ್ದು ಯಾರು ಇಟ್ಟುಕೊಳ್ಳುತ್ತಾರೆ ಎಂದರು ಅಧಿಕಾರಿ. ಹಾಗಾದರೆ ಆಗುವುದಿಲ್ಲ ಎಂದು ಮಾಸ್ತರು ಪದಕಗಳನ್ನು ಬಟ್ಟೆಯಲ್ಲಿ ಸುತ್ತಿ ಎರಡೂ ಕೈಯಿಂದ ಹಿಂದಿರುಗಿಸಿದರು. ಅಧಿಕಾರಿ ಕೂಗಾಡಿದರು. ಮಾಸ್ತರು ದನಿ ಏರಿಸಲಿಲ್ಲ.

ಅಧಿಕಾರಿ ಹೋದ ಮೇಲೆ ಮಾಸ್ತರು ನನ್ನ ಕಡೆ ತಿರುಗಿ ಹೇಳಿದರು: "ಆ ಭೋರಿನ ಹೆಣ್ಮಗಳ ಗಂಡ ಜೀವಾ ಕೊಟ್ಟು ಈ ಎಲಿ ಗಳಿಸ್ಯಾನ. ಇವರಿಗೆ ಸುಮ್ನ ಹಚ್ಚಿ ಕೊಟ್ರ, ನಾಳೆ ಆಕಿ ಬಂದ್ರ ಹ್ಯಾಂಗ ಮಾರಿ ತೋರಸಲಿ?"

ನಾಲ್ಕೇ ದಿನಕ್ಕೆ ಸಾಹೇಬರು ನನ್ನನ್ನು ಕರೆದು ಪತ್ರ ಹೇಳಿ ಬರೆಸಿದರು. ಅಂಗಡಿಯವನು ಗೌರವಾನ್ವಿತ ಗಿರಾಕಿಯನ್ನು ನಿಂದಿಸಿದ್ದಾನೆ, ತಿಂಗಳ ಕೊನೆಗೆ ಜಾಗ ಖಾಲಿ ಮಾಡತಕ್ಕದ್ದು. ಪ್ರತಿ ಸಾಲೂ ಸುಳ್ಳೆಂದು ನನಗೆ ಗೊತ್ತಿತ್ತು. ನನ್ನ ಕೆಲಸ ಕಾಯಂ ಮಾಡುವ ಅರ್ಜಿ ಅದೇ ಮೇಜಿನ ಮೇಲಿತ್ತು. ಹೇಳಿದ್ದನ್ನು ಹೇಳಿದಂತೆ ಟೈಪ್ ಮಾಡಿದೆ. ಕೆಳಗೆ ಎಡಮೂಲೆಯಲ್ಲಿ, ಕಚೇರಿಯ ಪದ್ಧತಿಯಂತೆ, ಟೈಪ್ ಮಾಡಿದವರ ಗುರುತಿಗೆಂದು ನನ್ನ ಹೆಸರಿನ ಎರಡು ಮೊದಲಕ್ಷರ ಹಾಕಿದೆ.

ಮರುದಿನ ಸಂಜೆ ಮಾಸ್ತರು ಪತ್ರ ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತಿದ್ದರು.

"ಕೆಳಗ ಸಣ್ಣ ಅಕ್ಷರ ಎರಡ ಅದಾವಲ್ಲ ತಂಗಿ, ನಿನ್ನವೇನು?"

"ಹೌದ್ರಿ."

ಪತ್ರವನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು. "ಒಂದೂ ತಪ್ಪಿಲ್ಲ. ಭಾಳ ಚಂದ ಟೈಪ್ ಮಾಡೀದಿ."

ಅವರ ಮುಖದಲ್ಲಿ ವ್ಯಂಗ್ಯ ಹುಡುಕಿದೆ. ಸಿಗಲಿಲ್ಲ...

ಸಮಾರಂಭಕ್ಕೆ ಕಚೇರಿಯವರೆಲ್ಲ ಹೋಗಲೇಬೇಕಿತ್ತು. ಅಧಿಕಾರಿಯ ಎದೆಯ ಮೇಲೆ ತಾವರೆ ಎಲೆ ಇತ್ತು, ಬೇರೆ ಯಾರೋ ತುಸು ವಾರೆಯಾಗಿ ಹಚ್ಚಿದ್ದರು. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ತಿಂಗಳ ಕೊನೆಗೆ ಮಾಸ್ತರು ತಳೇಗಾಂವಕ್ಕೆ ಹೋದರು. ಯಾವುದೋ ಕಾರ್ಖಾನೆಗೆ ಗೋಣಿಚೀಲ ಹೊಲಿಯುವ ಕೆಲಸಕ್ಕೆ. ಆ ಬೇಸಿಗೆಯಲ್ಲಿ ನನ್ನ ಕೆಲಸ ಕಾಯಂ ಆಯಿತು.

ಎಂಬತ್ತರ ದಶಕದ ನಡುವೆ ಒಂದು ದಿನ ಬಸ್ ನಿಲ್ದಾಣದಲ್ಲಿ ಅವರ ಹೆಂಡತಿ ಸಿಕ್ಕರು. ಮಾಸ್ತರು ತೀರಿಕೊಂಡು ವರ್ಷವಾಗಿತ್ತಂತೆ. ನನ್ನ ಮೇಲೆ ಸಿಟ್ಟಿತ್ತೇನು ಎಂದು ಕೇಳಿದೆ.

"ಇಲ್ರಿ," ಎಂದರು ಆಕೆ. "ನಿಮ್ಮ ಹೆಸರ ಅವರು ಎಂದೂ ತಗೀಲಿಲ್ಲ."

ನಿವೃತ್ತಿಯ ತನಕ ನಾನು ಅದೇ ಕುರ್ಚಿಯಲ್ಲಿ ಕೂತೆ. ಆ ಅಧಿಕಾರಿ ತೀರಿಹೋದರು, ಸಾಹೇಬರೂ ಹೋದರು, ಮಾಸ್ತರ ಹೆಂಡತಿ ಎಲ್ಲಿದ್ದಾರೋ ತಿಳಿಯದು. ಪತ್ರ ಬರೆಸಿದ ದಿನ "ಸಾಹೇಬ್ರ, ನಾನೂ ಅಲ್ಲೇ ಇದ್ದೆ" ಎನ್ನಲು ಒಂದು ಕ್ಷಣ ಸಾಕಿತ್ತು. ಈಗ ಹೇಳೋಣವೆಂದರೆ, ಕೇಳಬೇಕಾದವರು ಒಬ್ಬರೂ ಉಳಿದಿಲ್ಲ.